ಹುಲಿಗೇಶನಿಗೆ ತೊಡಿಸಿದ ಬಳೆ

"ಆ ಬಳಿ ಹೊರಗ ಒಗೀರಿ, ಅಳಿಯಂದ್ರ," ಎಂದಳು ಸುಂಕಲಮ್ಮ. "ನಮ್ಮೂರಾಗ ಗಂಡಸಿನ ಕೈಗೆ ಯಾರೂ ಬಳಿ ಇಡಸಂಗಿಲ್ಲ."

ಅಳಿಯ ತಿಪ್ಪೇಶ ನಕ್ಕ. ಬಳ್ಳಾರಿಯ ಜಿಮ್ಮೊಂದರಲ್ಲಿ ಹುಡುಗರಿಗೆ ತೋಳು ಬೆಳೆಸಲು ಕಲಿಸುವವನು. ಬುದ್ಧಿ ಬೆಳೆಸುವ ಯಂತ್ರ ಅಲ್ಲಿರಲಿಲ್ಲ. ಹಿಂದಿನ ದಿನ ಕಾಲುವೆ ನೀರಿನ ಜಗಳದಲ್ಲಿ ಎರ್ರೆಪ್ಪನೆಂಬುವನು ತಿಪ್ಪೇಶನ ಹೆಂಡತಿಯ ತಮ್ಮ ಹುಲಿಗೇಶನ ಕೆನ್ನೆಗೆ ಬಾರಿಸಿದ್ದ. ಹುಲಿಗೇಶ ತಿರುಗಿ ಹೊಡೆಯದೆ ಮನೆಗೆ ಬಂದಿದ್ದ. ಅದನ್ನು ಕೇಳಿಯೇ ತಿಪ್ಪೇಶ ಸಿರುಗುಪ್ಪದಲ್ಲಿ ಒಂದು ಡಜನ್ ಗಾಜಿನ ಬಳೆ ಕೊಂಡು ಅತ್ತೆಯ ಊರಾದ ಕೆಂಚನಗುಡ್ಡಕ್ಕೆ ಬಂದಿದ್ದ.

"ನಮ್ಮೂರ ಮೂಕಮ್ಮನ ಮಗನಿಗೂ ಹಿಂಗ ಇಡಸಿದ್ರು." ಅತ್ತೆಯ ದನಿ ಇಳಿಯಿತು. "ರೋಷಕ್ಕ ಬಿದ್ದು ಹೊಡದಾಡಾಕ ಹೋಗಿ ಹೆಣ ಆದ. ಆಕಿ ಆ ಬಳಿ ಚೂರು ಸುಡಗಾಡಾಗ ಹೂತು ಮಾಟ ಮಾಡಿಸ್ಯಾಳ. ಈ ಊರಾಗ ಇನ್ನ ಯಾವ ಗಂಡಸಿಗೆ ಬಳಿ ಇಡಸಿದ್ರೂ, ಇಡಸಿದವನ ಕೈ ತನ್ನ ಮನಿಯವರ ಮ್ಯಾಲೇ ಬೀಳತೈತಿ."

"ಮರ್ಯಾದಿ ಹೋದ ಮ್ಯಾಲ ಮಾಟ ಏನ್ ಮಾಡತೈತಿ ಬಿಡ್ರಿ," ಎಂದ ತಿಪ್ಪೇಶ, ಹುಲಿಗೇಶನ ಕೈ ಹಿಡಿದು ಬಳೆಗಳನ್ನು ಒತ್ತಿ ತೂರಿಸಿದ. ಗಾಜು ಒಡೆದು ರಕ್ತ ಬಂತು.

ಮಟಮಟ ಮಧ್ಯಾಹ್ನ. ಆದರೂ ಪಡಸಾಲೆಯೊಳಗೆ ಕತ್ತಲು ಹಬ್ಬಿತು. ಹಸಿ ಮಣ್ಣಿನ, ಕೊಳೆತ ನಿಂಬೆಹಣ್ಣಿನ ನಾತ. ನೆಲದಡಿಯಲ್ಲೆಲ್ಲೋ ಗಾಜು ಅರೆಯುವ ಸದ್ದು. ತಿಪ್ಪೇಶನ ಬಲಗೈ ತಾನಾಗಿ ಮುಷ್ಟಿ ಕಟ್ಟಿತು. ಎಡಗೈಯಿಂದ ಬಿಡಿಸಲು ನೋಡಿದ. ಒಂದು ಬೆರಳೂ ಅಲುಗಲಿಲ್ಲ.

ಹೆರಿಗೆಗೆಂದು ತವರಿಗೆ ಬಂದಿದ್ದ ಹೇಮಾ, ಏಳು ತಿಂಗಳ ಬಸುರಿ, ಗಂಡನ ಕೂಗು ಕೇಳಿ ಒಳಗಿನಿಂದ ಬಂದಳು.

ಮುಷ್ಟಿ ಅವಳ ಕಡೆ ತಿರುಗಿತು. ತೋಳು ಅವನನ್ನೇ ಎಳೆದುಕೊಂಡು ಹೊರಟಿತು. ಕಂಬ ತಬ್ಬಿದ. ಉಗುರು ಕಿತ್ತುಬಂದವು. ಮೊದಲ ಏಟು ಗೋಡೆಗೆ ಬಿತ್ತು. ಹೇಮಾ ಮೂಲೆಗೆ ಸಿಕ್ಕಿದ್ದಳು.

"ಹೊಡಿಯಲೇ ಹುಲಿಗ್ಯಾ," ತಿಪ್ಪೇಶ ಗೋಗರೆದ. "ನನ್ನ ಕೈ ಮುರಿ."

"ನನ್ನ ಕೈಲಾಗಂಗಿಲ್ರೀ ಮಾವ."

"ನಿಮ್ಮಕ್ಕನ್ನ ನೋಡಲೇ."

ಹುಲಿಗೇಶ ಗೋಡೆಗೆ ಒರಗಿಸಿದ್ದ ಹಾರೆ ಎತ್ತಿದ. ಕಣ್ಣು ಮುಚ್ಚಿ ಬೀಸಿದ. ಮೊಣಕೈ ಮುರಿಯಿತು. ಮುಷ್ಟಿ ಇನ್ನೂ ಏಳುತ್ತಿತ್ತು. ಮತ್ತೆ ಬೀಸಿದ. ಮತ್ತೆ. ಅದು ಸುಮ್ಮನಾಗುವ ಹೊತ್ತಿಗೆ ಕೈ ಎನ್ನುವಂಥದ್ದೇನೂ ಉಳಿದಿರಲಿಲ್ಲ.

ಬಳ್ಳಾರಿಯ ಆಸ್ಪತ್ರೆಯಲ್ಲಿ ತೋಳನ್ನು ಬುಡಕ್ಕೇ ಕತ್ತರಿಸಿದರು. ಹೇಮಾ ಉಳಿದಳು, ಹೊಟ್ಟೆಯ ಕೂಸೂ ಉಳಿಯಿತು.

ಮರುದಿನ ಎರ್ರೆಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು, ತಾನು ಹೊಡೆದಿದ್ದ ಹುಲಿಗೇಶನ ಬೆನ್ನು ತಟ್ಟಿದ. "ಈಗ ಗಂಡಸಾದಿ ನೋಡಲೇ," ಎಂದ. ಬಂದವರೆಲ್ಲ ಹೌದೌದೆಂದು ತಲೆಯಾಡಿಸಿದರು, ಅವರ ಗಂಡಸುತನಕ್ಕಿಷ್ಟು ಬೆಂಕಿ ಹಾಕ. ಹುಲಿಗೇಶ ಹಿತ್ತಿಲಿಗೆ ಹೋಗಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡ.