ಸ್ಪೀಕರ್ ಬಿಚ್ಚಿದ ಮಧ್ಯಾಹ್ನ

“ಸ್ಪೀಕರ್ ತಂತಿ ಬಿಚ್ಚಿಟ್ಟು ಇದನ್ನ ಆನ್ ಮಾಡ್ಬೇಡಪ್ಪ,” ಎಂದಳು ಯಜಮಾನರ ಹೆಂಡತಿ, ರಿಪೇರಿ ಅಂಗಡಿಯ ಮೇಜಿನ ಮೇಲಿದ್ದ ಹಳೆಯ ಆಂಪ್ಲಿಫೈಯರ್ ತೋರಿಸಿ.

“ಗೊತ್ತಕ್ಕ. ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತೆ.”

“ಇದು ಸುಡಲ್ಲ. ಗಂಟಲು ಹುಡುಕುತ್ತೆ.”

ಹೊಸ ಮೆಕ್ಯಾನಿಕ್ ನಕ್ಕುಬಿಟ್ಟ. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆಂದು ನಂಬಿದವನು ಅವನು. ಮಾತಿನಲ್ಲೇ ಅರ್ಧ ರಿಪೇರಿ ಮುಗಿಸುವವನು. ಮೂಲೆಯ ಸ್ಟೂಲಿನಿಂದ ಯಜಮಾನರು ಬೇಡ ಬೇಡವೆಂದು ಕೈಯಾಡಿಸಿದರು. ಅವರಿಗೆ ಮಾತಿಲ್ಲ. ಏಳು ವರ್ಷದ ಹಿಂದೆ ಅವರ ಮೂಗ ಪಾಲುದಾರ ತಾಮ್ರದ ತಂತಿಯ ಜೊತೆ ಕೂದಲನ್ನೂ ಸುತ್ತಿ, ಏನೇನೋ ಮಾಟ ಮಾಡಿಸಿ, ಈ ವಾಲ್ವ್ ಆಂಪ್ಲಿಫೈಯರ್ ಕಟ್ಟಿದನಂತೆ. ಸ್ಪೀಕರ್ ಬಿಚ್ಚಿ ಆನ್ ಮಾಡಿದವನು, ಯಜಮಾನರದೇ ದನಿಯಲ್ಲಿ “ಬರ್ತೀನಿ” ಎಂದು ಹೇಳಿ ಹೋದವನು, ಮತ್ತೆ ಬರಲಿಲ್ಲವಂತೆ.

“ಮತ್ಯಾಕೆ ಇದನ್ನ ಒಡೆದುಹಾಕಿಲ್ಲ?”

“ಹೋದದ್ದು ಇದರಿಂದಾನೇ ವಾಪಸ್ ಬರ್ಬೇಕಲ್ಲಪ್ಪ.”

ಅವಳು ಊಟ ತರಲು ಹೊರಟಳು. ಸುಡದ ಟ್ರಾನ್ಸ್‌ಫಾರ್ಮರ್ ಎಂಬುದುಂಟೇ? ಮೆಕ್ಯಾನಿಕ್ಕನ ಕೈ ತುರಿಸುತ್ತಿತ್ತು. ಶಾಲೆ ಬೇಗ ಬಿಟ್ಟಿತೆಂದು ಬಂದಿದ್ದ ಅವನ ಮಗಳು ಮೇಜಿನಡಿ ಕೂತು ಸ್ಕ್ರೂ ಎಣಿಸುತ್ತಿದ್ದಳು.

“ಐದೇ ನಿಮಿಷ ಯಜಮಾನ್ರೆ. ದೆವ್ವ ಬಂದ್ರೆ ಟೀ ಕುಡಿಸಿ ಕಳಿಸ್ತೀನಿ.”

ತಂತಿ ಬಿಚ್ಚಿದ. ಸ್ವಿಚ್ ಒತ್ತಿದ. ವಾಲ್ವುಗಳ ಗಾಜಿನೊಳಗೆ ಕೆಂಡದ ಎಳೆಗಳು ಹೊತ್ತಿಕೊಂಡವು. ಬಿಸಿ ಧೂಳಿನ ವಾಸನೆ. ಅದರ ಬೆನ್ನಿಗೇ ಕೂದಲು ಕಮರುವ ವಾಸನೆ.

“ಹದಿಮೂರು, ಹದಿನಾಲ್ಕು...”

ಮೇಜಿನಡಿಯ ಎಣಿಕೆ ನಿಂತಿತು.

“ಹದಿನೈದು,” ಎಂದಿತು ಮಗಳ ದನಿ. ಬಂದದ್ದು ಯಜಮಾನರ ಬಾಯಿಂದ.

ಅವರು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಬೆರಳುಗಳ ಸಂದಿಯಿಂದ ಎಳೆಯ ದನಿ ಸೋರುತ್ತಲೇ ಇತ್ತು. ಹದಿನಾರು. ಹದಿನೇಳು. ಮೇಜಿನಡಿ ಮಗಳು ಬಾಯಿ ತೆರೆದು ಅಳುತ್ತಿದ್ದಳು. ಸದ್ದಿಲ್ಲ. ಅವನು ಸ್ವಿಚ್ ಆರಿಸಿದ. ವಾಲ್ವ್ ಆರಲಿಲ್ಲ. ಪ್ಲಗ್ ಕಿತ್ತ. ಆರಲಿಲ್ಲ. ಅದಕ್ಕೆ ಗಂಟಲು ಬೇಕು. ಬೇರೆ ಗಂಟಲು. ಆಂಪ್ಲಿಫೈಯರಿನಲ್ಲಿ ಸ್ಪೀಕರ್ ತಂತಿ ಬಿಗಿಯುವ ಎರಡೂ ತಿರುಪುಗಳನ್ನು ಬರಿಗೈಯಲ್ಲಿ ಹಿಡಿದುಕೊಂಡ.

“ಅವಳನ್ನ ಬಿಡು! ನನ್ನದು ತಗೋ!”

ಮೈ ಜಗ್ಗಿತು. ಬೆರಳು ಸುಟ್ಟಿತು. ಬಿಡಲಿಲ್ಲ.

“ಅಪ್ಪಾ!” ಮಗಳು ಕಿರುಚಿದಳು. ತನ್ನದೇ ದನಿಯಲ್ಲಿ.

ಅವನು ಬಾಯಿ ತೆರೆದ. ಬರೀ ಗಾಳಿ ಬಂತು.

“ನಾನು,” ಎಂದರು ಯಜಮಾನರು, ಅವನ ದನಿಯಲ್ಲಿ. ಅವರ ಕಣ್ಣು ತುಂಬಿತು. “ನಾನು. ನಾನು.”

ಅವನು ಆಂಪ್ಲಿಫೈಯರ್ ತೋರಿಸಿ ಕೈ ಮುಗಿದ. ಒಂದೇ ಸಲ. ವಾಪಸ್ ಕೊಡಿ. ಯಜಮಾನರು ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸುತ್ತಿಗೆ ಎತ್ತಿಕೊಂಡರು.

“ಏಳು ವರ್ಷ, ತಮ್ಮಾ...”

ಆಂಪ್ಲಿಫೈಯರಿನ ಮೇಲೆ ಸುತ್ತಿಗೆ ಬಿತ್ತು. ಮತ್ತೊಮ್ಮೆ. ಮತ್ತೊಮ್ಮೆ. ಗಾಜು ಸಿಡಿದ ಸದ್ದಿಗೆ ಮಗಳು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು.

“ಹೆದರ್ಬೇಡ ಮಗಳೇ,” ಎಂದಿತು ಅಪ್ಪನ ದನಿ. “ಬಾ.”

ಅವನು ಎರಡೂ ತೋಳು ಚಾಚಿದ. ಕಣ್ಣು ಮುಚ್ಚಿಕೊಂಡೇ ಮಗಳು ಅವನನ್ನು ದಾಟಿ, ದನಿ ಬಂದ ಕಡೆಗೆ ಓಡಿದಳು.