ಆರಲೊಲ್ಲದ ಕಂಪ್ಯೂಟರ್

ಚಿಕ್ಕಂದಿನಲ್ಲಿ ಅಪ್ಪನ ರೇಡಿಯೊ ಕಾದಾಗ ಬರುತ್ತಿದ್ದ ಧೂಳು ಸುಟ್ಟ ವಾಸನೆಯೇ ಅಂದು ನಮ್ಮ ಲೈಬ್ರರಿಯ ಕಂಪ್ಯೂಟರಿನಿಂದ ಬರುತ್ತಿತ್ತು. ಹೋದ ತಿಂಗಳು ತೀರಿಕೊಂಡ ಟೈಪಿಸ್ಟ್ ಅಕ್ಕ ಮೂರು ವರ್ಷ ಕೂತು ಮಾಡಿದ ಪುಸ್ತಕಪಟ್ಟಿ ಇದ್ದದ್ದು ಅದೊಂದರಲ್ಲೇ. ಆರಿಸಲು ಹೋದಾಗಲೆಲ್ಲ ‘ಇನ್ನೊಬ್ಬರು ಬಳಸುತ್ತಿದ್ದಾರೆ’ ಎಂದು ಬರುತ್ತಿತ್ತು.

“ಯಾರೂ ಇಲ್ಲಮ್ಮ, ಅದಕ್ಕೆ ಅರಳುಮರಳು,” ಎಂದು ರಿಪೇರಿಗೆ ಬಂದಿದ್ದ ಮೆಕ್ಯಾನಿಕ್ ನಕ್ಕ.

“ನನಗಿನ್ನೂ ಬಂದಿಲ್ಲಪ್ಪ. ಮೊದಲು ಪಟ್ಟಿ ನಕಲು ಮಾಡು, ಆಮೇಲೆ ಕರೆಂಟಿನ ವಯರ್ ಕೀಳು,” ಎಂದೆ.

ನಕಲು ಅರ್ಧವಾಗಿದ್ದಾಗ ಅವನ ಕಾಲು ತಗುಲಿ ವಯರ್ ಕಿತ್ತು ಬಂತು. ಪರದೆ ಆರಲಿಲ್ಲ. ಅಕ್ಕನ ಖಾಲಿ ಕುರ್ಚಿ ಮುಟ್ಟಿದೆ, ಬೆಚ್ಚಗಿತ್ತು. ನಕಲು ಪೂರ್ತಿಯಾದ ಮೇಲೆ ಕಂಪ್ಯೂಟರ್ ತಾನಾಗಿ ಆರಿತು.

ಪಟ್ಟಿಯ ಕೊನೆಯ ಸಾಲಿನಲ್ಲಿದ್ದ ಪುಸ್ತಕ ಅಂದು ಬೆಳಿಗ್ಗೆಯಷ್ಟೇ ಅಂಚೆಯಲ್ಲಿ ಬಂದದ್ದು. ಅಲ್ಲಿಯವರೆಗೆ ಯಾರೂ ಬಿಚ್ಚಿರದ ಅದರ ಕಟ್ಟನ್ನು ನಾನೇ ಆಮೇಲೆ ಬಿಚ್ಚಿದೆ.

ಮೆಕ್ಯಾನಿಕ್ ತನ್ನ ಡಬ್ಬಿಯ ಊಟದಲ್ಲಿ ಅರ್ಧವನ್ನು ಮುಚ್ಚಳಕ್ಕೆ ಹಾಕಿ ನನ್ನ ಕೈಗಿಟ್ಟ.