ಜೋರು ಗಂಟಲಿನ ಜೀವಿತಾ

"ರೀ ಸ್ವಾಮಿ! ಬಾಗಿಲಿಗೆ ಅಡ್ಡ ಇಟ್ಟಿರೋ ಆ ಪೆಟ್ಟಿಗೆ ತೆಗೀತೀರೋ, ಇಲ್ಲಾ ನಾನೇ ಎತ್ತಿ ತೋಟಕ್ಕೆ ಎಸೀಲೋ?"

ತಿಪಟೂರಿನಿಂದ ತುರುವೇಕೆರೆ ಮೇಲೆ ಮಾಯಸಂದ್ರಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಜೀವಿತಾ ಕೂಗಿದರೆ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುವವನೂ ಎದ್ದು ಕೂರಬೇಕು.

ಪೆಟ್ಟಿಗೆಯ ಒಡೆಯ ಬೆಚ್ಚಿಬಿದ್ದ. "ಅದು... ಕೀಬೋರ್ಡು..."

"ಏನಾದ್ರೂ ಆಗ್ಲಿ! ಜನ ಇಳೀಬೇಕಲ್ವಾ?"

ಅವನು ಪೆಟ್ಟಿಗೆಯನ್ನು ತೊಡೆಯ ಮೇಲೆ ಎಳೆದುಕೊಂಡು ಅವಳನ್ನೇ ನೋಡಿದ. ಬೈಸಿಕೊಂಡವನು ನಗುತ್ತಿದ್ದ! ಜೀವಿತಾಳಿಗೆ ಮೈಯೆಲ್ಲ ಉರಿಯಿತು. ಆ ಉರಿಯ ನಡುವೆಯೂ ಎದೆ ಯಾಕೆ ಢವಢವ ಅನ್ನುತ್ತಿದೆ ಎಂದು ಮಾತ್ರ ತಿಳಿಯಲಿಲ್ಲ...

ಭಾನುವಾರ ಚರ್ಚಿಗೆ ಹೋದರೆ ಅಲ್ಲೂ ಅವನೇ! ಹೆಸರು ಜಯಶೀಲ. ಹಾಸನದಿಂದ ವರ್ಗವಾಗಿ ಬಂದ ಹೈಸ್ಕೂಲ್ ಮೇಷ್ಟ್ರು. ಚರ್ಚಿನ ಪಾದ್ರಿ ಅಯ್ಯನವರು ಗಾಯನ ಮಂಡಳಿಯನ್ನು ಅವನ ಕೈಗೆ ಒಪ್ಪಿಸಿದ್ದರು.

ಜೀವಿತಾ ಚಿಕ್ಕಂದಿನಿಂದ ಆ ಮಂಡಳಿಯಲ್ಲಿ ಹಾಡಿದವಳು. ವಾರವಿಡೀ ಚಿಲ್ಲರೆಗೆ ಜಗಳವಾಡಿ ಬರುವ ಹುಡುಗಿಗೆ ಅದೊಂದು ಗಂಟೆಯೇ ಸುಖ.

ಆರಾಧನೆ ಮುಗಿದ ಮೇಲೆ ಅವನು ತಡವರಿಸುತ್ತ ಬಂದ.

"ಜೀವಿತಾ ಅವ್ರೇ, ಮುಂದಿನ ವಾರದಿಂದ ಮಂಡಳೀಲಿ ನೀವು ಬೇಡ. ನಿಮ್ಮ ಧ್ವನೀಲಿ ಮಿಕ್ಕವ್ರದ್ದೆಲ್ಲ ಮುಳುಗಿ ಹೋಗುತ್ತೆ. ನಿಮ್ಮನ್ನ..."

ಪೂರ್ತಿ ಕೇಳುವ ತಾಳ್ಮೆ ಇವಳಿಗಿಲ್ಲ, ಬೇಗ ಹೇಳಿ ಮುಗಿಸುವ ಚುರುಕು ಅವನಿಗಿಲ್ಲ. ಸರಿಹೋಯಿತು!

"ಬಸ್ಸಲ್ಲಿ ಬೈದಿದ್ದಕ್ಕೆ ಸೇಡಾ? ದೇವ್ರು ಕೊಟ್ಟ ಗಂಟಲು ಕಣ್ರೀ ಇದು! ನಿಮಗೆ ಬೇಡ ಅಂದ್ರೆ ಇನ್ಮೇಲೆ ಯಾರಿಗೂ ಬೇಡ ಬುಡಿ!"

ಅಂದಂತೆಯೇ ಮಾಡಿದಳು. ಸೋಮವಾರದಿಂದ ಬಸ್ಸಿನಲ್ಲಿ ಊರಿನ ಹೆಸರಿಲ್ಲ, ಗದರಿಕೆಯಿಲ್ಲ. ಬರೀ ಸೀಟಿ. 'ಕೊಟ್ಟವನೂ ನೀನೇ, ನಾಲ್ಕು ಜನರ ಮುಂದೆ ನಾಚಿಕೆ ಪಡಿಸಿದವನೂ ನೀನೇ!' ಎಂದು ದೇವರ ಮೇಲೂ ಮುನಿಸಿಕೊಂಡಳು. ಸಿಟ್ಟು ಬಂದರೆ ಅವಳು ದೇವರನ್ನೂ ಬಿಡುವುದಿಲ್ಲ.

ಆ ವಾರವೇ ಒಂದು ಮಧ್ಯಾಹ್ನ ಬಸ್ಸು ಮಾಯಸಂದ್ರ ಮುಟ್ಟಿತು. ಎಲ್ಲರೂ ಇಳಿಯುತ್ತಿದ್ದರು. ಸ್ನೇಹಿತನ ಮನೆಗೆ ಹೊರಟಿದ್ದ ಜಯಶೀಲನೂ ಅವರಲ್ಲಿದ್ದ. ಮುದುಕಿ ತಾಜುನ್ನೀಸಾ ಮಾತ್ರ ಕೂತೇ ಇದ್ದಳು. ಅವಳಿಗೆ ಎರಡೂ ಕಣ್ಣು ಕಾಣಿಸುವುದಿಲ್ಲ.

"ತೋಪಿನ ಗೇಟ್ ಬಂತೇನಮ್ಮ?"

ಜೀವಿತಾ ಅವಳ ಬಳಿ ಓಡಿ ಬಂದಳು. "ಅಜ್ಜೀ... ಅದು ಆಗ್ಲೇ ಹೋಯ್ತು."

"ಅಯ್ಯೋ! ಮೊಮ್ಮಗಳು ರುಹಿನ ನೋಡಕ್ಕೆ ಗಂಡಿನ ಕಡೆಯವ್ರು ಬಂದವ್ರೆ. ನೀನು ಕೂಗ್ಲಿ ಅಂತ ಕಾಯ್ತಿದ್ದೆ ಬೇಟಿ. ನಿನ್ನ ಕೂಗು ನಂಬ್ಕೊಂಡೇ ಅಲ್ವಾ ನಾನು ಒಬ್ಳೇ ಓಡಾಡೋದು?"

ಜೀವಿತಾಳಿಗೆ ತಟ್ಟನೆ ನೆನಪಾಯಿತು. ಸಂಡೆ ಸ್ಕೂಲಿನ ಮಕ್ಕಳಿಗೆ ಯೇಸು ಹೇಳಿದ ತಲಾಂತಿನ ಸಾಮ್ಯದ ಕಥೆ ಹೇಳಿಕೊಡುವವಳು ಇವಳೇ. ಒಡೆಯ ಕೊಟ್ಟ ತಲಾಂತು ನಾಣ್ಯವನ್ನು ಬಳಸದೆ ಮಣ್ಣಿನಲ್ಲಿ ಹೂತಿಟ್ಟ ಆ ಆಳನ್ನು ಬೈದು ಬೈದು ಹೇಳುತ್ತಿದ್ದಳು! 'ದೇವರೇ... ಆ ಆಳು ನಾನೇ ಆಗಿಬಿಟ್ಟೆನಲ್ಲ!'

ಕೆಳಗಿಳಿದರೆ ಎದುರಿಗೆ ಜಯಶೀಲ. ಈ ಸಲ ಅವನ ಮುಖದಲ್ಲಿ ನಗುವಿರಲಿಲ್ಲ.

"ನಾಚಿಕೆ ಆಗಲ್ವಾ? ನನ್ನ ಮೇಲಿನ ಸಿಟ್ಟನ್ನ ಆ ಅಜ್ಜಿ ಮೇಲೆ ತೀರಿಸ್ಕೊಳ್ತೀರಾ?"

"ಬಾಯಿ ಮುಚ್ಚಿಸಿದವ್ರು ಯಾರು? ನೀವೇ ಅಲ್ವಾ?"

"ನಾನು ಹೇಳಿ ಮುಗ್ಸಿರ್ಲಿಲ್ಲ ಕಣ್ರೀ! ಹಿಂದಿನ ಬೆಂಚಿನ ವಯಸ್ಸಾದವ್ರಿಗೆ ಬೈಬಲ್ ವಾಕ್ಯ ಓದೋದು ಒಂದಕ್ಷರಾನೂ ಕೇಳಿಸಲ್ಲ. 'ಆ ಕಂಡಕ್ಟರ್ ಹುಡುಗಿ ಹಾಡಿದ್ರೆ ಮಾತ್ರ ನನ್ನ ಕಿವಿಗೆ ಬೀಳುತ್ತೆ' ಅಂತ ಸಮಾಧಾನಮ್ಮ ಅಜ್ಜಿ ಕಣ್ಣಲ್ಲಿ ನೀರು ಹಾಕಿದ್ರು. ವಾಕ್ಯ ಓದೋಕೆ ನೀವೇ ಬೇಕು ಅಂತ ಅಯ್ಯನವ್ರ ಹತ್ರ ಜಗಳ ಆಡಿ ಒಪ್ಸಿದ್ದೆ!"

"ಅದನ್ನ ಮೊದ್ಲು ಹೇಳಕ್ಕೇನಾಗಿತ್ತು? 'ಬೇಡ' ಅನ್ನೋದನ್ನ ಯಾರಾದ್ರೂ ಮೊದ್ಲು ಹೇಳ್ತಾರಾ?"

"ನಿಮ್ಮ ಮುಂದೆ ನಿಂತ್ರೆ ನನಗೆ ಮಾತೇ ನೆಟ್ಟಗೆ ಬರಲ್ಲ!"

"ಯಾಕೆ?"

"ಯಾಕಂದ್ರೆ... ಬೈದ್ರಲ್ಲ, ಆ ದಿನದಿಂದ ನೀವಂದ್ರೆ..."

ಅಲ್ಲಿಗೆ ನಿಂತಿತು. ಜೀವಿತಾಳ ಕೆನ್ನೆ ಕೆಂಪಾಯಿತು. ಸಿಟ್ಟಿಗೋ, ಮತ್ತೊಂದಕ್ಕೋ! ಆದರೆ ಅವಳಿಗೆ ಆಗ ಮೊದಲು ಬೇಕಾದದ್ದು ತಾಜುನ್ನೀಸಾ ಅಜ್ಜಿ.

ಬಸ್ಸು ಹಿಂದಿರುಗುವಾಗ ಅಜ್ಜಿಯನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ಅವಳನ್ನು ಇಳಿಸಲೆಂದು ಜಯಶೀಲನೂ ಹತ್ತಿದ.

"ತೋಪಿನ ಗೇಟ್! ಯಾರ್ರೀ ತೋಪಿನ ಗೇಟ್!"

ಬಸ್ಸಿನವರೆಲ್ಲ ನಕ್ಕರು. ಜೀವಿತಾ ಕಣ್ಣೀರು ಒರೆಸಿಕೊಂಡಳು.

ರುಹಿ ರಸ್ತೆಗೇ ಬಂದು ಕಾಯುತ್ತಿದ್ದಳು. ಬಂದವರು ಹೊರಟು ಹೋಗಿದ್ದರು. ಜೀವಿತಾ ಅಜ್ಜಿಯ ಕೈ ಬಿಡದೆ ನಿಂತಳು.

"ತಪ್ಪಾಯ್ತು ಅಜ್ಜೀ."

"ಅವ್ರು ಇನ್ನೊಂದ್ ದಿನ ಬತ್ತಾರೆ ಬುಡು. ನೀನು ಮಾತ್ರ ಸುಮ್ನಾಗ್ಬೇಡ ಬೇಟಿ."

ಬಸ್ಸು ಹೊರಟಿತು. ಅಜ್ಜಿಯನ್ನು ಇಳಿಸಿ ಮತ್ತೆ ಹತ್ತಿದ್ದ ಜಯಶೀಲ ಜೀವಿತಾಳ ಪಕ್ಕ ಬಂದು ನಿಂತ.

"ಭಾನುವಾರ ವಾಕ್ಯ ಓದ್ತೀರಾ?" ಜಯಶೀಲ ಮೆಲ್ಲಗೆ ಕೇಳಿದ.

"ಓದ್ತೀನಿ. ನಿಮಗೋಸ್ಕರ ಅಲ್ಲ, ಸಮಾಧಾನಮ್ಮನಿಗೋಸ್ಕರ."

"ನನ್ನ ಮೇಲಿನ ಕೋಪ ಇನ್ನೂ ಹೋಗ್ಲಿಲ್ವಾ?"

"ಇಲ್ಲ. ಮದುವೆ ಆದ್ಮೇಲೂ ಇರುತ್ತೆ!"

ಅವನು ಕಣ್ಣರಳಿಸಿದ. "ಯಾರ... ಯಾರ ಮದುವೆ?"

"ನಮ್ಮದು ಕಣ್ರೀ!" ಇಡೀ ಬಸ್ಸು ತಿರುಗಿ ನೋಡಿತು. "ಇದನ್ನೂ ನಾನೇ ಪೂರ್ತಿ ಹೇಳ್ಬೇಕಾ?"